ಗಜ್ಜರಿಯ ಮೇಲಿನ ಗೀರು

ಮರ್ಗಿಲಾನ್
ಅಕ್ಟೋಬರ್ ೧೨

ತಮ್ಮ ಇಕ್ರೋಮನಿಗೆ,

ನಿನ್ನ ಆರೋಗ್ಯ ವಿಚಾರಿಸುವುದಿಲ್ಲ. ಪುಸ್ತಕದ ಹಿಂಬದಿಯ ಚಿತ್ರದಲ್ಲಿ ನಿನ್ನ ಕೆನ್ನೆಗಳು ತುಂಬಿಕೊಂಡಿವೆ, ಅಷ್ಟು ಸಾಕು.

ಸೋದರಳಿಯನ ಮದುವೆಗೆಂದು ನೀನು ತಾಷ್ಕೆಂಟಿನಿಂದ ಕಳಿಸಿದ ಉಡುಗೊರೆ ತಲುಪಿತು. ತರಕಾರಿಗಳ ಕಪ್ಪು ಬಿಳುಪು ಚಿತ್ರಗಳ ಪುಸ್ತಕ. ಎಲೆಕೋಸಿನ ನರಗಳು, ಈರುಳ್ಳಿಯ ಪದರಗಳು, ಮೆಣಸಿನಕಾಯಿಯ ಒಡಲೊಳಗಿನ ಬೀಜಗಳು, ಎಲ್ಲ ಅಂಗೈಗಿಂತ ದೊಡ್ಡದಾಗಿ. ಮುಖಪುಟದಲ್ಲಿ ನಿನ್ನ ಹೆಸರು. ನನ್ನ ಹಿರಿಯ ಸೊಸೆ ಜುಲ್ಖುಮೋರ್ ನಾಲ್ಕು ವರ್ಷ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಮಂಡಿಯೂರಿ ತೆಗೆದ ಚಿತ್ರಗಳು ಅವು. ಅವಳು ಕೊನೆಯ ಪುಟದವರೆಗೆ ತಿರುವಿ, ಪುಸ್ತಕ ಮುಚ್ಚಿ, ತಂದೂರಿಗೆ ರೊಟ್ಟಿ ಹಚ್ಚಲು ಹೋದಳು. ಆ ಚಿತ್ರಗಳ ನೆಗೆಟಿವ್‌ಗಳನ್ನು ಇಟ್ಟಿದ್ದ ಪೆಟ್ಟಿಗೆ ಮನೆಯಿಂದ ಕಾಣೆಯಾದ ದಿನದಿಂದ ಅವಳು ಕ್ಯಾಮೆರಾ ಮುಟ್ಟಿಲ್ಲ.

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಮಸ್ತೂರಾಳ ಮೊಮ್ಮಗನ ಸುನ್ನತಿಯ ಪಲಾವಿಗೆ ಗಜ್ಜರಿ ಹೆಚ್ಚಲು ಕೇರಿಯೆಲ್ಲ ಸೇರಿತ್ತು. ಎಲ್ಲರೂ ತಂತಮ್ಮ ಚಾಕು, ಹಲಗೆ ತಂದಿದ್ದರು. ನಾನು ನಿನ್ನ ಪುಸ್ತಕವನ್ನೂ ಒಯ್ದೆ.

"ಏನಕ್ಕಾ, ಗಜ್ಜರಿ ಹೆಚ್ಚೋಕೂ ಪುಸ್ತಕ ನೋಡ್ಬೇಕಾ ನಿಮಗೆ?" ಎಂದಳು ಮಸ್ತೂರಾ.

ನಿನ್ನ ಮುನ್ನುಡಿಯನ್ನು ಗಟ್ಟಿಯಾಗಿ ಓದಿದೆ. ಪ್ರತಿ ತರಕಾರಿಯನ್ನೂ ತಾಷ್ಕೆಂಟಿನ ಸಂತೆಯಲ್ಲಿ ನೀನೇ ಆರಿಸಿ, ಕೈಯಾರೆ ಕೊಯ್ದೆಯಂತೆ. ಆಮೇಲೆ ಗಜ್ಜರಿಯ ಪುಟ ತೆರೆದಿಟ್ಟು, ಒಂದು ಗಜ್ಜರಿಯನ್ನು ಉದ್ದಕ್ಕೆ ಸೀಳಿ ಪಕ್ಕದಲ್ಲಿಟ್ಟೆ. ಕುರಿಮೂಳೆಗೆ ತಗುಲಿ ಮುಕ್ಕಾದ ನನ್ನ ಚಾಕು ಏನು ಕೊಯ್ದರೂ ದಾರದಂಥ ಒಂದು ಗೀರು ಉಳಿಸುತ್ತದೆ. ನಿನ್ನ ಪುಸ್ತಕದ ಗಜ್ಜರಿಯ ಮೇಲೂ ಅದೇ ಗೀರು, ಹಗ್ಗದಷ್ಟು ದಪ್ಪ ಕಾಣುತ್ತದೆ. ನೀನು ಅದನ್ನು ಗಜ್ಜರಿಯದೇ ಗೆರೆ ಎಂದುಕೊಂಡಿರಬೇಕು. ಒಂದು ದಿನವಾದರೂ ಹೆಂಗಸರ ನಡುವೆ ಕೂತು ಹೆಚ್ಚಿದ್ದರೆ ತಿಳಿಯುತ್ತಿತ್ತು.

"ಅಯ್ಯೋ, ಇದು ನಿಮ್ಮ ಮುಕ್ಕು ಚಾಕೂದೇ ಗೀರು ಕಣಕ್ಕಾ! ಇದ್ಯಾವಾಗ ತಾಷ್ಕೆಂಟಿಗೆ ಹೋಗಿತ್ತು?" ಎಂದು ಮಸ್ತೂರಾ ಕೂಗಿದಳು. ಕೇರಿಯ ಹಿರಿಯ ತುರ್ಗುನಜ್ಜ ಭೂತಗನ್ನಡಿ ತರಿಸಿ ಎರಡನ್ನೂ ನೋಡಿದ. "ಇಕ್ರೋಮ ಮೂಲಂಗಿ ತೊಳೆದಿದ್ದನ್ನೂ ನಾನು ಕಂಡಿಲ್ಲ. ಮನೆ ಸೊಸೆ ಕೈಯಿಂದ ಈ ಚಿತ್ರ ಕಿತ್ಕೊಂಡ್ನೇನಮ್ಮಾ?" ಎಂದ. ಅಂಗಳಕ್ಕೆ ಅಂಗಳವೇ ನಕ್ಕಿತು. ಆ ನಗು ನನಗೆ ಬಹಳ ಹಿತವಾಗಿತ್ತು.

ಬರುವ ಶುಕ್ರವಾರ ಬೆಳಗ್ಗೆ ನನ್ನ ಮಗನ ಮದುವೆಯ ಪಲಾವಿಗೂ ಅದೇ ಜನ ಬರುತ್ತಾರೆ. ಸೋದರಮಾವನ ಜಾಗ ತುರ್ಗುನಜ್ಜನ ಪಕ್ಕದಲ್ಲಿ. ಪೆಟ್ಟಿಗೆ ತಂದು, ಎಲ್ಲರೆದುರು ಜುಲ್ಖುಮೋರಳ ಕೈಗಿಟ್ಟು, ಚಿತ್ರಗಳು ಅವಳವೆಂದು ಗಟ್ಟಿಯಾಗಿ ಹೇಳಿ ಅಲ್ಲಿ ಕೂರು. ಬರದಿದ್ದರೆ ಆ ಜಾಗಕ್ಕೆ ಬೇರೆ ಯಾರನ್ನೂ ಕೂರಿಸುವುದಿಲ್ಲ. ಯಾಕೆ ಖಾಲಿ ಎಂದು ಬೀಗರು ಕೇಳುತ್ತಾರೆ. ನಾನು ಹೇಳುತ್ತೇನೆ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಸೋಜಿದಾ

ತಾ.ಕ.: ಪೆಟ್ಟಿಗೆಯನ್ನು ನೀನು ಕದ್ದೆ ಎಂದು ಸೊಸೆಗೆ ಹೇಳಿದ್ದೇನೆ. "ಈ ಕಸ ತಗೊಂಡು ಹೋಗು, ಅವಳಿಗೆ ಒಲೆ ಕಡೆ ಗಮನ ಬರಲಿ" ಎಂದು ನಾನೇ ಅದನ್ನು ನಿನ್ನ ಕಾರಿನಲ್ಲಿಟ್ಟಿದ್ದು ನಮ್ಮಿಬ್ಬರಿಗೇ ಗೊತ್ತು. ಶುಕ್ರವಾರ ಅದನ್ನೂ ಹೇಳಬೇಕೆನಿಸಿದರೆ ಹೇಳು, ಅಲ್ಲಗಳೆಯುವುದಿಲ್ಲ. ಮೊದಲು ಪೆಟ್ಟಿಗೆ ಅವಳ ಕೈ ಸೇರಲಿ.