ಭಂಡಾರದ ಕೆಳಗಿನ ಅಕ್ಷರ

ನವೆಂಬರ್ 4, ಬೆಳಿಗ್ಗೆ 11

'ಮಿಣುಕುವುದೆಲ್ಲ ಎಚ್ಚರವಲ್ಲ...' ಮುಂದಿನದು ನೆನಪಿಲ್ಲ. ಎಲ್ಲಿ ಓದಿದೆ ಎಂಬುದೂ ಇಲ್ಲ. ಅಷ್ಟಕ್ಕೂ ಸಾಲು ಸರಿಯೇ? ಮಿಣುಕದೆಯೂ ಎಚ್ಚರವಾಗಿರುವುದನ್ನು ಏನೆನ್ನಬೇಕು? ನನ್ನ ಕಂಪ್ಯೂಟರಿನ ಮುಂದಿನ ದೀಪ ಹೋಗಿ ಎರಡು ವರ್ಷ. ಕೆಲಸ ನಿಂತಿಲ್ಲ.

ಈಗ ಪವರ್ ಬಟನ್ ಒಳಗೆ ಕುಸಿದಿದೆ. ಮುಂದಿನ ಯುಎಸ್‌ಬಿ ಎರಡೂ ಸಡಿಲ. ಹೊಸ ಕ್ಯಾಬಿನೆಟ್ ತರಿಸಿದ್ದೇನೆ. ಒಳಗಿನ ಮದರ್‌ಬೋರ್ಡು ಮಾತ್ರ ಹಳೆಯದೇ, 2010ರದು. ಬಜಾರದ ರಿಪೇರಿ ಅಂಗಡಿಯ ಗೌರೀಶ ಫೋಟೋ ನೋಡಿ ನಕ್ಕ. "ಅಕ್ಕಾರ, ಹೊಸಾ ಅಂಗಿಯೊಳಗ ಅಜ್ಜನ್ನ ತುರಕಾಕ ಹೊಂಟೀರಿ." ಭಾನುವಾರದ ತನಕ ಬರಲಾಗದಂತೆ. ನಾನೇ ಮಾಡಿದರಾಯಿತು.

ಸಂಜೆ 6

ಕ್ಯಾಬಿನೆಟ್ಟಿನ ಮುಂಭಾಗದಿಂದ ಒಂದು ಹಿಡಿ ವೈರು. ಅದರಲ್ಲಿ ದಪ್ಪ ನೀಲಿ ಪ್ಲಗ್ಗು ಹೊಸ ಕಾಲದ್ದು. ಈ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಮಡಚಿ ಕಟ್ಟಿಟ್ಟೆ. ಪವರ್ ಸ್ವಿಚ್ಚಿನ ವೈರು ಹೇಗೆ ಹಾಕಿದರೂ ನಡೆಯುತ್ತದೆ. ದೀಪದ್ದು ತಿರುಗಾಮುರುಗಾ ಆದರೆ ಹತ್ತುವುದಿಲ್ಲ. ಕನ್ನಡಕದ ಮೇಲೆ ಭೂತಗಾಜು ಹಿಡಿದು ಅಕ್ಷರ ಓದಿದೆ.

ಉಳಿದದ್ದು ಒಂಬತ್ತು ತೂತಿನ ಎರಡು ಯುಎಸ್‌ಬಿ ಪ್ಲಗ್ಗು. ಒಂದನ್ನು ನೀಲಿ ಪಿನ್ನುಗಳ ಮೇಲೆ ಕೂರಿಸಿದೆ. ಪಕ್ಕದಲ್ಲೇ ಕೆಂಪು ಬುಡದ ಮೇಲೆ ಅಂಥದೇ ಒಂಬತ್ತು ಪಿನ್ನು. ಅದರ ಕೆಳಗಿನ ಹೆಸರು ಕಾಣುತ್ತಿಲ್ಲ — ಮೇಲೆ ಭಂಡಾರ ಮೆತ್ತಿದೆ.

ಪ್ರತಿ ದಸರೆಯ ಖಂಡೇ ಪೂಜೆಗೆ ಕ್ಯಾಬಿನೆಟ್ ತೆರೆದು ಧೂಳು ಊದುತ್ತೇನೆ. ಅತ್ತೆ ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರ ಕಲಸಿ ಬೋರ್ಡಿಗೇ ಬೊಟ್ಟಿಡುತ್ತಾರೆ. ಮೊದಲ ವರ್ಷ ತಡೆದಿದ್ದೆ. "ಜೀವ ಒಳಗೈತಿ. ಹೊರಗ ಹಚ್ಚಿದ್ರ ಯಾರಿಗೆ ಮುಟ್ಟತೈತಿ?" ಎಂದಿದ್ದರು. ಆಮೇಲೆ ತಡೆದಿಲ್ಲ. ಏಳು ವರ್ಷದ ಅರಿಶಿನ ಅದೇ ಮೂಲೆಯಲ್ಲಿ ಗಾರೆಯಂತೆ ಗಟ್ಟಿಯಾಗಿದೆ.

ಉಗುರಿನಿಂದ ಕೆರೆಯಲು ಹೋದೆ. ಅತ್ತೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಕೈ ತೆಗೆದೆ. ಎರಡನೆಯ ಪ್ಲಗ್ಗನ್ನು ಆ ಕೆಂಪಿನ ಮೇಲೆ ಒತ್ತಿದೆ, ಒಂಬತ್ತಕ್ಕೆ ಒಂಬತ್ತು. ಮೆತ್ತಗೆ ಕೂತಿತು.

ನವೆಂಬರ್ 5

ದೀಪ ಹತ್ತಿತು. ಮೇಲಿನ ಪೋರ್ಟಿಗೆ ಮೌಸ್ ಹಾಕಿ ನೋಡಿದೆ, ನಡೆಯುತ್ತದೆ. ಕೆಂಪು ಪಿನ್ನಿಗೆ ಹೋಗುವ ಕೆಳಗಿನದನ್ನು ನೋಡಲಿಲ್ಲ. ನಾಳೆ ಬರಲು ಪಕ್ಕದ ಮನೆ ಕೃಷ್ಣವ್ವನಿಗೆ ಹೇಳಿ ಕಳಿಸಿದೆ.

ನವೆಂಬರ್ 6, ಸಂಜೆ

ಬರೆಯಲೇಬೇಕು.

ಕೃಷ್ಣವ್ವ ನಾಲ್ಕಕ್ಕೆ ಬಂದಳು. ಸೆರಗಿನ ತುದಿಯ ಗಂಟಿನಲ್ಲಿ ಪೆನ್‌ಡ್ರೈವ್. ಅದರಲ್ಲಿ ಮೂವತ್ತೊಂದು ಬೀಸುವ ಹಾಡು. ಅವಳು ಮತ್ತು ಅದೇ ಮನೆಗೆ ಸೊಸೆಯಾಗಿ ಬಂದ ಅವಳ ನೆಗೆಣ್ಣಿ ಕೆಂಚವ್ವ ಹಾಡಿದ್ದು. ಕೆಂಚವ್ವ ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ರೆಕಾರ್ಡ್ ಮಾಡಿದ ಮೊಬೈಲೂ ಈಗಿಲ್ಲ. ಕೇಳಿ ಕೇಳಿ ಟೈಪ್ ಮಾಡುತ್ತಿದ್ದೇನೆ. ಹತ್ತೊಂಬತ್ತು ಮುಗಿದಿವೆ, ಹನ್ನೆರಡು ಬಾಕಿ. ಒಂದು ಸಾಲು ಕೆಂಚವ್ವ ಎತ್ತುತ್ತಾಳೆ, ಮುಂದಿನದನ್ನು ಕೃಷ್ಣವ್ವ ಹಿಡಿಯುತ್ತಾಳೆ. ತನಗೆ ತನ್ನ ಸಾಲಷ್ಟೇ ಗೊತ್ತು, ಎತ್ತುವುದು ಬಾರದು ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಕಾಪಿ ಮಾಡಿಟ್ಟುಕೊಳ್ಳಲೇ ಎಂದು ಆಗ ಕೇಳಿದ್ದೆ. "ಸತ್ತಾಕಿ ದನಿ ಎರಡು ಕಡೆ ಇರಬಾರ್ದು." ದಿನಾ ಸಂಜೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು.

ಇವತ್ತು ಕೆಳಗಿನ ಪೋರ್ಟಿಗೆ ಚುಚ್ಚಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಸುಟ್ಟ ವಾಸನೆ. ಕಿತ್ತಾಗ ಬೆರಳು ಚುರುಗುಟ್ಟಿತು.

ಯಾಕೋ ತೆರೆಯುತ್ತಿಲ್ಲ, ನಾಳೆ ನೋಡೋಣ ಎಂದೆ. ಹಾಗಿದ್ದರೆ ಇಲ್ಲೇ ಇರಲಿ ಎಂದಳು. ಹಿಂದೆ ಎಂದೂ ಬಿಟ್ಟು ಹೋದವಳಲ್ಲ.

ನವೆಂಬರ್ 7

ಸ್ಪಿರಿಟ್ ಹತ್ತಿಯಿಂದ ಭಂಡಾರ ಒರೆಸಿದೆ. ಕೆಳಗೆ ನಾಲ್ಕು ಅಂಕಿ: 1394. ಹುಡುಕಿ ಓದಿದೆ. ಹಳೆಯ ವಿಡಿಯೋ ಕ್ಯಾಮೆರಾಗಳ ಕನೆಕ್ಷನ್. ಆಕಾರ ಯುಎಸ್‌ಬಿಯದೇ. ಆದರೆ ಹನ್ನೆರಡು ವೋಲ್ಟ್ ಹರಿಯುತ್ತದೆ. ಪೆನ್‌ಡ್ರೈವ್ ತಾಳುವುದು ಐದು.

ಅಂಗಡಿಗೆ ಒಯ್ದೆ. ಗೌರೀಶ ಬಿಚ್ಚಿ ನೋಡಿದ, ನಗಲಿಲ್ಲ. ಹುಬ್ಬಳ್ಳಿಯಲ್ಲಿ ಇಂಥವುಗಳಿಂದ ಫೈಲು ತೆಗೆದುಕೊಡುವವರೊಬ್ಬರಿಗೆ ಫೋಟೋ ಕಳಿಸಿದ. ಮೆಮೊರಿ ಚಿಪ್ಪೇ ಸುಟ್ಟಿದೆ, ಏನೂ ಸಿಗದು ಎಂದು ಉತ್ತರ.

ನವೆಂಬರ್ 12

ಐದು ದಿನ ಬರೆದಿಲ್ಲ. ನಳದ ಹತ್ತಿರ ಕೃಷ್ಣವ್ವ ಎರಡು ಸಲ ಸಿಕ್ಕಳು. ಉಳ್ಳಾಗಡ್ಡಿ ಈ ಸಲ ಬೇಗ ಕೊಳೆಯುತ್ತಿವೆ ಎಂದು ನಾನೇ ಮಾತು ತೆಗೆದೆ. ನನಗೆ ನಲವತ್ತೆಂಟು ವರ್ಷ ವಯಸ್ಸು. ಎಂ.ಎ.

ನವೆಂಬರ್ 13, ಮಧ್ಯಾಹ್ನ

ಹೋಗಿ ಹೇಳಿದೆ. ಹಾಡು ಹೋದವು, ತಪ್ಪು ಜಾಗಕ್ಕೆ ವೈರು ಹಾಕಿದೆ, ನೋಡದೆ ಹಾಕಿದೆ — ಇಷ್ಟೇ. ಭಂಡಾರದ ಮಾತು ಎತ್ತಲಿಲ್ಲ. ಆದರೆ ಅತ್ತೆ ನನ್ನ ಬೆನ್ನಿಗೇ ಬಂದು ನಿಂತಿದ್ದರು. "ಅಕ್ಷರ ಮುಚ್ಚಿದಾಕಿ ನಾನು, ಕೃಷ್ಣವ್ವಾ. ಬೈಯೂದಿದ್ರ ನನಗ ಬೈ."

ಬೈಯಲಿಲ್ಲ. ಬಾಕಿ ಹನ್ನೆರಡು ಯಾವುವು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ, ಇನ್ನೂ ಕೇಳಿಯೇ ಇರಲಿಲ್ಲವಲ್ಲ. ಟೈಪಾದ ಹತ್ತೊಂಬತ್ತರ ಮೊದಲ ಸಾಲುಗಳನ್ನು ಓದಿಸಿಕೊಂಡಳು. ಒಂದೊಂದಕ್ಕೂ ಒಂದು ಬೆರಳು ಮಡಚಿದಳು. ಆಮೇಲೆ ನಾನು ಒಯ್ದಿದ್ದ ಸುಟ್ಟ ಪೆನ್‌ಡ್ರೈವನ್ನು ಸೆರಗಿಗೆ ಕಟ್ಟಿಕೊಂಡು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಉಕ್ಕುವ ವಾಸನೆಯೇನೂ ಇರಲಿಲ್ಲ. ಎದ್ದು ಬಂದೆವು.

ನವೆಂಬರ್ 14

ಕೆಂಪು ಪಿನ್ನಿನಿಂದ ವೈರು ಕಿತ್ತಿದ್ದೇನೆ. ಬೋರ್ಡಿಗೆ ಏನೂ ಆಗಿಲ್ಲ. ಟೈಪಾದ ಹತ್ತೊಂಬತ್ತು ಹಾಡನ್ನು ಮೂರು ಕಡೆ ಕಾಪಿ ಮಾಡಿದೆ. ಮಾಡುವಾಗ ನಾಚಿಕೆಯಾಯಿತು.

ನವೆಂಬರ್ 15, ಬೆಳಿಗ್ಗೆ 9

ಬಾಗಿಲಲ್ಲಿ ಕೃಷ್ಣವ್ವ. ಒಳಗೆ ಕರೆದೆ, ಬರಲಿಲ್ಲ. ಚೌಕಟ್ಟು ಹಿಡಿದು ನಿಂತಳು. ಅತ್ತೆ ಎಲ್ಲಿದ್ದಾರೆ ಎಂದು ಇಣುಕಿದಳು. ಹಿತ್ತಲಲ್ಲಿ ಎಂದೆ. ದನಿ ತಗ್ಗಿಸಿದಳು.

"ಕೆಂಚವ್ವ ಎತ್ತತಿದ್ದಳಲ್ಲ, ಆ ಸಾಲೂ ನನಗ ಬರತಾವು. ಎಲ್ಲಾ ಬರತಾವು. ನಲವತ್ತು ವರ್ಷ ಬರಂಗಿಲ್ಲ ಅಂತ ಹೇಳಕೋತ ಬಂದೇನಿ. ಬರತಾವು ಅಂದಿದ್ರ, ಆಕಿ ನನ್ನ ಜೋಡಿ ಬೀಸಾಕ ಕುಂದರತಿದ್ದಿಲ್ಲ, ಯಶೋಧಾ."