ಗೇಟಿನ ಮೇಲಿನ ಅಕ್ಕ

ಅಕ್ಕಾ,

ಸೋತಿದ್ದಕ್ಕೆ ಸಮಾಧಾನ ಹೇಳಲು ಬರೆಯುತ್ತಿಲ್ಲ, ಆಫೀಸಿನ ಕೆಲಸಕ್ಕೆ ಬರೆಯುತ್ತಿದ್ದೇನೆ. ಫಲಿತಾಂಶ ಬಂದ ವಾರದೊಳಗೆ ಅಭ್ಯರ್ಥಿಗಳೇ ತಮ್ಮ ಪ್ರಚಾರದ ಬೋರ್ಡು ತೆಗೆಯಬೇಕು ಎಂಬುದು ನಗರಸಭೆಯ ನಿಯಮ. ಯಾರೂ ತೆಗೆಯುವುದಿಲ್ಲ, ಏಣಿ ಹೊತ್ತು ಸಾಯುವವನು ನಾನು. ಗೆದ್ದವರದೂ ಸೋತವರದೂ ಕಿತ್ತು ಕಿತ್ತು ಕೈ ಬಿದ್ದುಹೋಗಿದೆ. ಊರಲ್ಲಿ ಈಗ ಉಳಿದಿರುವುದು ಒಂದೇ: ನಮ್ಮ ಮನೆ ಗೇಟಿನ ಮೇಲೆ ಕೈಮುಗಿದು ನಗುತ್ತಿರುವ ನೀನು.

ಕಟ್ಟಿದ್ದು ಅಪ್ಪ. ಚುನಾವಣೆಗೆ ನಿಂತರೆ ಈ ಮನೆ ಮೆಟ್ಟಿಲು ಹತ್ತಬೇಡ ಎಂದಿದ್ದರಲ್ಲ, ಅದೇ ಅಪ್ಪ. ನೀನು ಸೋತ ಮರುದಿನ, ಚರಂಡಿ ಪಕ್ಕ ಬಿದ್ದಿದ್ದ ಬೋರ್ಡನ್ನು ಎತ್ತಿಕೊಂಡು ಬಂದು ತಂತಿ ಬಿಗಿದರು. ದಿನಾ ಬೆಳಿಗ್ಗೆ ಸ್ಕೂಟರ್ ಒರೆಸಿ, ಅದೇ ಬಟ್ಟೆಯಲ್ಲಿ ನಿನ್ನ ಮುಖವನ್ನೂ ಒರೆಸುತ್ತಾರೆ.

ನಿನ್ನೆ ತಂತಿಗೆ ಕೈ ಹಾಕಿದೆ. "ಮುಟ್ಟಿದ್ರೆ ನೋಡು! ಅಭ್ಯರ್ಥಿನೇ ತೆಗೀಬೇಕು ಅಂತ ನಿಮ್ಮ ರೂಲ್ಸೇ ಹೇಳುತ್ತಲ್ಲ? ಅವಳೇ ಬರ್ಲಿ" ಅಂದರು.

ಭಾನುವಾರ ಬಂದುಬಿಡು. ಇಲ್ಲದಿದ್ದರೆ ಸ್ವಂತ ಅಪ್ಪನಿಗೆ ನಾನೇ ನೋಟಿಸ್ ಕೊಡಬೇಕಾಗುತ್ತದೆ. ಬರುವಾಗ ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ತರಬೇಡ. ಅಪ್ಪ ಆಗಲೇ ಮನೆಯದಕ್ಕೆ ಎಣ್ಣೆ ಬಿಟ್ಟು ಗೇಟಿನ ಪಕ್ಕದಲ್ಲಿ ಇಟ್ಟಿದ್ದಾರೆ.

ಸುಸ್ತಾದ ನಿನ್ನ ತಮ್ಮ