ಫೋಟೋದ ಕೆಳಗಿನ ಊರು

ಕೊರಟಗೆರೆ
ಮಂಗಳವಾರ

ಅಮ್ಮನಿಗೆ ಗಂಗಾಲಕ್ಷ್ಮಿಯ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ಅದಕ್ಕೇ ಈ ಕಾಗದ. ನಾನೂ ಪಾಪುವೂ ಚೆನ್ನಾಗಿದ್ದೇವೆ.

ಹೋದ ತಿಂಗಳು ಬಂದಾಗ, ನಾನು ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಫೋಟೋವನ್ನು ಇಲ್ಲಿಂದಲೇ ಆ್ಯಪಿಗೆ ಹಾಕಿದೆಯಲ್ಲ, ಅದರ ಕೆಳಗೆ ಊರಿನ ಹೆಸರೂ ಬಂದುಬಿಟ್ಟಿದೆ. ಆ್ಯಪ್ ಲೊಕೇಶನ್ ಕೇಳಿದಾಗ ನೀನು ಒಪ್ಪಿಗೆ ಒತ್ತಿರಬೇಕು. ಯಾವ ಗಂಡನ ಏಟು ತಾಳಲಾರದೆ ವರ್ಷದ ಹಿಂದೆ ಮನೆ ಬಿಟ್ಟೆನೋ, ಆ ನಟರಾಜು ಅದನ್ನು ನೋಡಿ, ಇಲ್ಲಿಯ ಹೊಲಿಗೆ ಅಂಗಡಿಗಳಲ್ಲೆಲ್ಲ ವಿಚಾರಿಸುತ್ತ ನಿನ್ನೆ ನಾನು ಕೆಲಸ ಮಾಡುವ ಅಂಗಡಿಗೇ ಬಂದ.

"ಲೇ, ನಡಿ ಊರ್ಗೆ," ಅಂದ.

ಮೆಷಿನ್ ನಿಲ್ಲಿಸಿ ಎದ್ದು ನಿಂತೆ. "ಬರಾಕಿಲ್ಲ. ಮಾತಾಡೋದಿದ್ರೆ ಕೋರ್ಟ್‌ನಾಗೆ ಮಾತಾಡು," ಅಂದೆ.

ಅಂಗಡಿಯ ವನಜಾಕ್ಷಿ ಅಕ್ಕ ನನ್ನ ಪಕ್ಕಕ್ಕೆ ಬಂದು, "ಕೇಳುಸ್ತಲ್ಲಪ್ಪಾ, ಹೊಂಟೋಗು," ಅಂದರು. ಹೋದ. ಸಂಜೆಯೇ ಇಬ್ಬರೂ ಹೋಗಿ ಪೊಲೀಸರಿಗೆ ದೂರು ಬರೆದುಕೊಟ್ಟೆವು.

ನೀನು ಬೇಕೆಂದು ಮಾಡಿದ್ದಲ್ಲ, ಕೊರಗಬೇಡ. ತಂಗಿ ಸುನಿತಾಳ ಕೈಲಿ ಫೋನಿನ ಸೆಟ್ಟಿಂಗ್ಸ್ ನೋಡಿಸಿ, ಆ ಆ್ಯಪಿಗೆ ಕೊಟ್ಟ ಒಪ್ಪಿಗೆಗಳನ್ನೆಲ್ಲ ತೆಗೆಸು. ಇನ್ನು ಮುಂದೆ ಏನು ಕೇಳಿದರೂ ಓದದೆ ಒತ್ತಬೇಡ.

ನಾನು ಈ ಊರು ಬಿಡುವುದಿಲ್ಲ. ಜೂನ್‌ನಲ್ಲಿ ಪಾಪುವನ್ನು ಇಲ್ಲಿಯ ಶಾಲೆಗೇ ಸೇರಿಸುತ್ತೇನೆ. ಅವತ್ತು ನೀನೂ ಬಾ.

ನಿನ್ನ ಮಗಳು,
ಗಂಗಾ